‘ಬೇಡ’ ಎಂದ ನಾಡು

ಪ್ರಜೆಗಳು ತಮ್ಮನ್ನಾಳುವವರಿಗೆ ‘ನೀವು ನಮಗೆ ಬೇಡ’ ಎನ್ನುವ ಸಂದರ್ಭ ಇತಿಹಾಸದಲ್ಲಿ ವಿರಳ. ಅದನ್ನು ಮತಚೀಟಿಯ ಮೇಲೆಯೇ ಹೇಳುವ ಸಂದರ್ಭವಂತೂ ಮತ್ತೂ ವಿರಳ. ಪಶ್ಚಿಮ ಆಫ್ರಿಕದ ಗಿನಿ ದೇಶಕ್ಕೆ ಅಂಥದೊಂದು ದಿನ ಒದಗಿ ಬಂದಿತು.

1958ರಲ್ಲಿ ಫ್ರಾನ್ಸಿನ ಜನರಲ್ ದ ಗಾಲ್ ಅವರು ಆಫ್ರಿಕದ ತಮ್ಮ ವಸಾಹತುಗಳ ಮುಂದೆ ಒಂದು ಪ್ರಶ್ನೆಯನ್ನಿಟ್ಟರು: ಫ್ರೆಂಚ್ ಸಮುದಾಯದೊಳಗೆ ಸ್ವಯಮಾಡಳಿತ ಪಡೆದು ಉಳಿಯುವಿರೋ, ನಂಟು ಕಡಿದುಕೊಂಡು ಹೋಗುವಿರೋ? ಆಗಸ್ಟ್ 25ರಂದು ಅವರು ಕೊನಾಕ್ರಿ ನಗರಕ್ಕೆ ಬಂದಾಗ, ಕಾರ್ಮಿಕ ಸಂಘದಿಂದ ಮೇಲೆದ್ದು ಬಂದ ನಾಯಕ ಸೆಕು ತೂರೆ ಅವರ ಎದುರಿನಲ್ಲಿಯೇ, ದಾಸ್ಯದ ಸಿರಿಗಿಂತ ಸ್ವಾತಂತ್ರ್ಯದ ಬಡತನವೇ ಲೇಸೆಂದು ಸಾರಿದರು. ದ ಗಾಲರ ಉತ್ತರ ತಣ್ಣಗಿತ್ತು: ಅಡ್ಡಿಪಡಿಸುವುದಿಲ್ಲ, ಪರಿಣಾಮ ಮಾತ್ರ ನಿಮ್ಮದು. ಸೆಪ್ಟೆಂಬರ್ 28ರಂದು ಶೇಕಡಾ 95ಕ್ಕೂ ಮಿಕ್ಕ ಮತಗಳು ‘ಬೇಡ’ ಎಂದವು. ನೆರೆಯ ಫ್ರೆಂಚ್ ವಸಾಹತುಗಳೆಲ್ಲ ‘ಹೌದು’ ಎಂದಿದ್ದವು. ಅಕ್ಟೋಬರ್ 2ರಂದು ಗಿನಿ ಸ್ವತಂತ್ರವಾಯಿತು.

ಪರಿಣಾಮವೆಂದರೇನೆಂಬುದು ಬೇಗನೆ ತಿಳಿಯಿತು. ಅಧಿಕಾರಿಗಳು, ವೈದ್ಯರು, ಉಪಾಧ್ಯಾಯರು ಕೆಲವೇ ವಾರಗಳಲ್ಲಿ ಹಡಗು ಹತ್ತಿದರು. ಕಚೇರಿಗಳ ಟೆಲಿಫೋನುಗಳನ್ನು ಕಿತ್ತೊಯ್ದರು, ಕಡತಗಳೂ ಉಳಿಯಲಿಲ್ಲ. ಒಂದು ಸಾಮ್ರಾಜ್ಯ ಇಷ್ಟು ಸಣ್ಣತನದಿಂದ ವಿದಾಯ ಹೇಳಿದ್ದು ಅಪರೂಪವೇ ಸರಿ. ಆಗ ಕೈಹಿಡಿದವರು, ಒಂದು ವರ್ಷದ ಹಿಂದಷ್ಟೇ ಸ್ವಾತಂತ್ರ್ಯ ಪಡೆದಿದ್ದ ಘಾನಾದ ಎನ್‌ಕ್ರುಮಾ. ಒಂದು ಕೋಟಿ ಪೌಂಡಿನ ಸಾಲವನ್ನು ಘೋಷಿಸಿದರು.

‘ಹೌದು’ ಎಂದ ನಾಡುಗಳಲ್ಲಿ ಹೆಚ್ಚಿನವು 1960ರಲ್ಲಿಯೇ ಸ್ವತಂತ್ರವಾದವು. ಹಾಗಾದರೆ ಗಿನಿ ತೆತ್ತ ಬೆಲೆ ವ್ಯರ್ಥವೆ? ನನಗೆ ಹಾಗೆನಿಸದು. ಮೊದಲು ಒಬ್ಬರು ಬಾಗಿಲು ದೂಡಿದ್ದರಿಂದಲೇ ಉಳಿದವರಿಗೆ ಅದು ಅಷ್ಟು ಸಲೀಸಾಗಿ ತೆರೆಯಿತು.

ಆದರೆ ‘ಬೇಡ’ ಎಂಬ ಮಾತನ್ನು ಜಗತ್ತಿಗೆ ಕೇಳಿಸಿದ ತೂರೆ ಅವರೇ ಆ ಮಾತನ್ನು ತಮ್ಮ ಪ್ರಜೆಗಳ ಬಾಯಲ್ಲಿ ಸಹಿಸದಾದರು. ಒಂದೇ ಪಕ್ಷ, ಒಬ್ಬರೇ ಅಧ್ಯಕ್ಷರು. 1984ರಲ್ಲಿ ಅವರು ತೀರಿಕೊಳ್ಳುವವರೆಗೂ ಅಷ್ಟೇ. ಎಲ್ಲೆಲ್ಲೂ ಪಿತೂರಿಯ ಶಂಕೆ. ಕೊನಾಕ್ರಿಯ ಬೊಯ್ರೊ ಬಂದೀಖಾನೆ ತುಂಬಿತು. ವಿಶ್ವಸಂಸ್ಥೆಯಲ್ಲಿ ಗಿನಿಯ ಧ್ವನಿಯಾಗಿದ್ದ, ಆಫ್ರಿಕ ಐಕ್ಯ ಸಂಘಟನೆಯ ಮೊದಲ ಮಹಾಕಾರ್ಯದರ್ಶಿ ಡಿಯಾಲೊ ಟೆಲ್ಲಿ 1977ರಲ್ಲಿ ಅಲ್ಲಿಯೇ ಅನ್ನ ನೀರಿಲ್ಲದೆ ಸತ್ತರು.

ಅದೇ ವರ್ಷದ ಆಗಸ್ಟಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಖಾಸಗಿ ವ್ಯಾಪಾರವನ್ನು ಹತ್ತಿಕ್ಕಲೆಂದೇ ನೇಮಿಸಿದ್ದ ಪೊಲೀಸರ ಕಾಟ ತಾಳಲಾರದೆ ಕೊನಾಕ್ರಿಯ ಮದೀನಾ ಸಂತೆಯ ಹೆಂಗಸರು ಅಧ್ಯಕ್ಷರ ಅರಮನೆಗೇ ನಡೆದುಹೋದರು. ತೂರೆ ಅವರ ಪಕ್ಷವನ್ನು ಮೊದಲಿನಿಂದಲೂ ಹೆಗಲ ಮೇಲೆ ಹೊತ್ತವರು ಇಂಥ ಹೆಂಗಸರೇ. ಗುಂಡುಗಳು ಹಾರಿದವು, ಜೀವಗಳು ಹೋದವು. ಆದರೂ ಕೊನೆಗೆ ಆ ಪೊಲೀಸು ಪಡೆಯನ್ನು ಸರ್ಕಾರ ರದ್ದುಪಡಿಸಿತು; ಸಣ್ಣ ವ್ಯಾಪಾರಕ್ಕೆ ಮೆಲ್ಲನೆ ದಾರಿ ಬಿಟ್ಟಿತು.