ರಾಮನಗರದ ಪ್ರಯೋಗಾಲಯಕ್ಕೆ ಗಿಟ್ ಬಂದ ದಾರಿ

ಯಾವ ಸಾಲನ್ನು ಯಾರು, ಯಾವಾಗ, ಏಕೆ ತಿದ್ದಿದರು ಎಂಬುದರ ಲೆಕ್ಕವಿಡುವ ವ್ಯವಸ್ಥೆಗೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಇದರ ಮೊದಲ ಮುಖ್ಯ ರೂಪವಾದ ಎಸ್‌ಸಿಸಿಎಸ್ ಅನ್ನು 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ ಬರೆದರು. ಅದರಲ್ಲಿ ಒಬ್ಬರು ತಿದ್ದಲು ತೆಗೆದುಕೊಂಡ ಕಡತ ಮರಳಿ ಬರುವವರೆಗೆ ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ನೆದರ್ಲೆಂಡ್ಸ್‌ನ ಡಿಕ್ ಗ್ರೂನ್ ಮತ್ತು ಅವರ ವಿದ್ಯಾರ್ಥಿಗಳು ಒಂದೇ ಕಂಪೈಲರ್ ಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಕೆಲಸ ಮಾಡಬೇಕಿತ್ತು. ಆ ತೊಡಕಿನಿಂದ ಹುಟ್ಟಿ 1986ರಲ್ಲಿ ಹೊರಬಂದ ಸಿವಿಎಸ್‌ನಲ್ಲಿ ಹಲವರು ಏಕಕಾಲಕ್ಕೆ ತಿದ್ದಬಹುದಾಯಿತು. ಈ ಕಥೆಯಲ್ಲಿ ವಿದ್ಯಾರ್ಥಿಗಳು ಸಿವಿಎಸ್‌ನ ಕಾಲದಿಂದಲೇ ಇದ್ದಾರೆ ಎಂಬುದು ಗಮನಿಸಬೇಕಾದ ಸಂಗತಿ.

ಆದರೂ ಸಿವಿಎಸ್‌ನಲ್ಲಿ ಮೂಲ ಭಂಡಾರ ಒಂದೇ, ಅದರಲ್ಲಿ ಬರೆಯುವ ಹಕ್ಕು ಕೆಲವರದು. ಹೊಸಬರು ತಮ್ಮ ತಿದ್ದುಪಡಿಯನ್ನು ಪ್ಯಾಚ್ ಮಾಡಿ ಇಮೇಲ್‌ನಲ್ಲಿ ಕಳಿಸಿ, ಹಕ್ಕುಳ್ಳವರು ಸೇರಿಸುವ ತನಕ ಕಾಯಬೇಕಿತ್ತು. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಾದ ಗ್ನೋಮ್, ಕೆಡಿಇಗಳನ್ನು ಕನ್ನಡಕ್ಕೆ ತಂದವರ ಕೆಲಸವೂ ಇಂಥ ಭಂಡಾರಗಳ ಮೂಲಕವೇ ನಡೆಯಿತು. ಪರದೆಯ ಮೇಲಿನ ಪ್ರತಿ ಇಂಗ್ಲಿಷ್ ವಾಕ್ಯದ ಕೆಳಗೆ ಕನ್ನಡ ವಾಕ್ಯ ಬರೆಯುವ ಪಿಒ ಕಡತವೇ ಅವರ ಕೊಡುಗೆ.

2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆಯತೊಡಗಿದರು. ಲಿನಕ್ಸ್ ಕರ್ನೆಲ್‌ಗೆ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ನಿಂತಿದ್ದೇ ಇದಕ್ಕೆ ಕಾರಣ. ಗಿಟ್‌ನಲ್ಲಿ ಪ್ರತಿಯೊಬ್ಬರ ಪ್ರತಿಯೊಳಗೂ ಪೂರ್ತಿ ಇತಿಹಾಸ ಇರುತ್ತದೆ. ಹೀಗಾಗಿ ಹೊಸಬರು ಯಾರ ಅನುಮತಿಯನ್ನೂ ಕೇಳದೆ ಶಾಖೆ ತೆರೆದು, ತಿದ್ದಿ, ಕಮಿಟ್ ಮಾಡಬಹುದು, ಅಂದರೆ ಬದಲಾವಣೆಯನ್ನು ಇತಿಹಾಸದಲ್ಲಿ ದಾಖಲಿಸಬಹುದು. ಅನುಮತಿಯ ಪ್ರಶ್ನೆ ಬರುವುದು ಕೆಲಸ ಮುಗಿದ ಮೇಲೆ. ವರ್ಷನ್ ಕಂಟ್ರೋಲ್‌ನ ಇತಿಹಾಸದಲ್ಲಿ ಕಲಿಯುವವರ ಮಟ್ಟಿಗೆ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಗ್ನೋಮ್ 2009ರಲ್ಲಿ, ವಿಕಿಪೀಡಿಯದ ಬೆನ್ನೆಲುಬಾದ ಮೀಡಿಯಾವಿಕಿ 2012ರಲ್ಲಿ ಗಿಟ್‌ಗೆ ಬಂದವು. 2008ರ ಗಿಟ್‌ಹಬ್ ಫೋರ್ಕ್ (ಯೋಜನೆಯ ಸ್ವಂತ ಪ್ರತಿ) ಮತ್ತು ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳುವ ಕೋರಿಕೆ)ಗಳನ್ನು ಎಲ್ಲರ ಕೈಗೆಟುಕಿಸಿತು.

2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ರಾಮನಗರ ಜಿಲ್ಲೆಗೆ ಗಿಟ್ ಪಠ್ಯವಾಗಿಯೂ ಬಂದಿದೆ. ರಾಮನಗರದ ಘೌಸಿಯಾ ಇಂಜಿನಿಯರಿಂಗ್ ಕಾಲೇಜು (1980) ಮತ್ತು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು (2007) ಎರಡೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ ಮೂರನೇ ಸೆಮಿಸ್ಟರ್‌ಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಐಚ್ಛಿಕ ಪ್ರಯೋಗ ಪಾಠವಿದೆ. ಭಂಡಾರ ತೆರೆಯುವುದು, ಶಾಖೆ ಕೂಡಿಸುವುದು, ಸ್ಟ್ಯಾಶ್, ರಿಬೇಸ್, ಟ್ಯಾಗ್, ಚೆರಿ-ಪಿಕ್, ಹಳೆಯ ಕಮಿಟ್‌ಗಳನ್ನು ಹುಡುಕುವುದು, ರಿವರ್ಟ್ ಇವೆಲ್ಲ ಅದರಲ್ಲಿ ಬರುತ್ತವೆ. ಈ ಆಜ್ಞೆಗಳು ಬೇಕೇಬೇಕು. ಆದರೆ ಅಪರಿಚಿತರ ಯೋಜನೆಗೆ ತಿದ್ದುಪಡಿ ಕಳಿಸಿ, ಅವರ ಆಕ್ಷೇಪ ಓದಿ, ಮತ್ತೆ ತಿದ್ದಿ ಕಳಿಸುವ ಅಭ್ಯಾಸ ಬೇರೆಯೇ ಆದ ಕಲಿಕೆ. ಇದೇ ಜಿಲ್ಲೆಯ ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಕಲಿಯುವವರಿಗೆ ಹಿರಿಯರ ಕೈಚಳಕ ಕಣ್ಣೆದುರೇ ಇರುತ್ತದೆ. ಕೋಡ್ ಕಲಿಯುವವರಿಗೆ ಆ ಜಾಗದಲ್ಲಿ ಸಿಗುವುದು ಹಳೆಯ ಕಮಿಟ್‌ಗಳು ಮತ್ತು ಅವುಗಳ ಸುತ್ತ ನಡೆದ ಚರ್ಚೆ. ಅವನ್ನು ಓದದೆ ತಿದ್ದುಪಡಿ ಕಳಿಸಿದರೆ ಏನಾಗುತ್ತದೆಂದು 2020ರ ಅಕ್ಟೋಬರ್ ತೋರಿಸಿತು. ಮುಕ್ತ ಯೋಜನೆಗಳಿಗೆ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮದಲ್ಲಿ ಆ ಶರ್ಟಿನ ಆಸೆಗೆ ರೀಡ್‌ಮಿ ಕಡತದಲ್ಲಿ ಒಂದೆರಡು ಪದ ಬದಲಿಸಿದ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದವೆಂದರೆ, ಒಪ್ಪಿಕೊಂಡ ಯೋಜನೆಗಳಿಗಷ್ಟೇ ಕಾರ್ಯಕ್ರಮವನ್ನು ಸೀಮಿತಗೊಳಿಸಬೇಕಾಯಿತು.

ಜಿಲ್ಲೆಯ ಮಾಗಡಿ, ಕನಕಪುರದ ಕಡೆಯ ಹೊಸಬರಿಗೆ ಕನ್ನಡ ಅನುವಾದದ ಕಡತಗಳಲ್ಲಿ ನಿಜವಾದ ಕೆಲಸವಿದೆ. ಅಲ್ಲಿನ ತೊಡಕುಗಳು ಕನ್ನಡ ಬಲ್ಲವರಿಗೇ ಬೇಗ ಗೊತ್ತಾಗುತ್ತವೆ. ಇಂಗ್ಲಿಷ್‌ನಲ್ಲಿ ಕಡತದ ಹೆಸರು ಮೊದಲು, ಅದಿರುವ ಕೋಶದ ಹೆಸರು ಆಮೇಲೆ. ಕನ್ನಡದಲ್ಲಿ ಇಂಥ ಕೋಶದಲ್ಲಿ ಇಂಥ ಕಡತ ಎಂದಾಗುವುದರಿಂದ ಹೆಸರು ತುಂಬುವ ಗುರುತುಗಳಿಗೆ ಕ್ರಮಸಂಖ್ಯೆ ಕೊಡಬೇಕು. ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ‘ರ‍್ಯಾಂಕ್’ ಪದದೊಳಗೆ ಕಣ್ಣಿಗೆ ಕಾಣದ ಜೋಡಕ ಇರುತ್ತದೆ. ಗಿಟ್ ಸಂಕೇತಗಳನ್ನಷ್ಟೇ ನೋಡುವುದರಿಂದ, ಓದುಗರಿಗೆ ಒಂದೇ ಎನಿಸುವ ಸಾಲನ್ನು ಬದಲಾದ ಸಾಲೆಂದು ತೋರಿಸುತ್ತದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಸಂಕೇತದಲ್ಲಿರುವ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡರಷ್ಟೇ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿ ಓದಬಹುದು.