ಒದ್ದೆ ಕುರಿಯ ಸಾಕ್ಷಿ



ಮಧುಗಿರಿಯ ಬೆಟ್ಟದ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿರಬಹುದಾದ ಒಂದು ಐತಿಹ್ಯವಿದೆ. ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಬೆಟ್ಟದ ಕಡೆಗೆ ಹೋಯಿತಂತೆ. ಮರಳಿ ಬಂದಾಗ ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ಹಾಗಾದರೆ ಆ ಬೋಳು ಬಂಡೆಯ ಮೇಲೆ ಎಲ್ಲೋ ನೀರಿನ ಸೆಲೆ ಇರಲೇಬೇಕು. ಈ ಸುಳಿವು ಹಿಡಿದೇ ಹಿರೇಗೌಡನೆಂಬ ಪಾಳೆಯಗಾರ ಅಲ್ಲಿ ಮೊದಲು ಮಣ್ಣಿನ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ.

ಒದ್ದೆ ಕುರಿಯನ್ನು ಕಂಡವನ ತಲೆ ಹೇಗೆ ಓಡಿರಬೇಕು, ಸ್ವಲ್ಪ ಯೋಚಿಸಿ. ಮಳೆ ಬಂದಿದ್ದರೆ ಮಂದೆಯೆಲ್ಲ ನೆನೆಯಬೇಕಿತ್ತು. ನೆನೆದದ್ದು ಒಂದೇ ಕುರಿ. ಕೆಳಗಿನ ಕೆರೆಗೆ ಇಳಿದಿದ್ದರೆ ಕಾಲಿಗೆ ಕೆಸರು ಮೆತ್ತಿರಬೇಕಿತ್ತು. ಉಳಿದದ್ದು ಬೆಟ್ಟ ಮಾತ್ರ. ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ಉಳಿದದ್ದನ್ನು ಹಿಡಿಯುವವನನ್ನು ನಾವು ಈಗ ಪತ್ತೇದಾರ ಎನ್ನುತ್ತೇವೆ. ಅವನಿಗೆ ಪೊಲೀಸ್ ಸಮವಸ್ತ್ರವಿರಲಿಲ್ಲ, ಸಂಬಳವಿರಲಿಲ್ಲ. ಹೆಗಲ ಮೇಲೆ ಕಂಬಳಿ ಇತ್ತು, ಅಷ್ಟೆ. ಇಂಥವನನ್ನೇ ನಾವು ಹವ್ಯಾಸಿ ಪತ್ತೇದಾರ ಎಂದು ಕರೆಯೋಣ. ರಕ್ತಪಾತವಿಲ್ಲದೆ, ನಗುತ್ತ ನಗಿಸುತ್ತ ರಹಸ್ಯ ಬಿಡಿಸುವ ಈ ಹವ್ಯಾಸಿಗಳ ಚರಿತ್ರೆಯೇ ಇಂದಿನ ವಿಷಯ.

ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ 'ವೃಕ್ಷಸಾಕ್ಷಿ' ಎಂಬ ಪಾಠ ಓದಿದವರು ನಿಮ್ಮಲ್ಲಿದ್ದೀರಿ. ಅದು ದುರ್ಗಸಿಂಹನ 'ಪಂಚತಂತ್ರ'ದ ಕಥೆ. ಕಾಲ 11ನೆಯ ಶತಮಾನ. ಧರ್ಮಬುದ್ಧಿ, ದುಷ್ಟಬುದ್ಧಿ ಇಬ್ಬರೂ ಸೇರಿ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ರಾತ್ರಿ ಬಂದು ಅದನ್ನು ತೋಡಿಕೊಂಡು ಹೋಗಿ, ಕಳವನ್ನು ಧರ್ಮಬುದ್ಧಿಯ ತಲೆಗೆ ಕಟ್ಟುತ್ತಾನೆ. ಸಾಕ್ಷಿ ಯಾರು ಎಂದರೆ ಮರವೇ ಸಾಕ್ಷಿ! ಮರದ ಪೊಟರೆಯಲ್ಲಿ ಅವನ ತಂದೆ ಅಡಗಿ ಕುಳಿತು ಮರದ ಪರವಾಗಿ ಮಾತನಾಡುತ್ತಾನೆ. ನೆರೆದವರೆಲ್ಲ ಬೆರಗಾಗುತ್ತಾರೆ. ಧರ್ಮಬುದ್ಧಿಯೊಬ್ಬ ಮಾತ್ರ ಮರವನ್ನು ಸುತ್ತಿ ನೋಡಿ, ಒಳಗೆ ಮನುಷ್ಯನೇ ಇರಬೇಕೆಂದು ಊಹಿಸಿ, ಪೊಟರೆಗೆ ಹೊಗೆ ಹಾಕಿಸುತ್ತಾನೆ. ಕೊನೆ ಘೋರವಾದದ್ದು, ನಗುವಂಥದ್ದಲ್ಲ. ಆದರೆ ಊರೆಲ್ಲ ಕೈಮುಗಿದು ನಿಂತಾಗ ಒಬ್ಬ ಮಾತ್ರ ಮರದ ಹಿಂಬದಿಗೆ ಹೋಗಿ ನೋಡಿದನಲ್ಲ, ಆ ನಡೆ ಇಂದಿಗೂ ಈ ಬಗೆಯ ಕಥೆಗಳ ಜೀವಾಳ.

ಪರ್ಷಿಯಾ ಮೂಲದ ಇನ್ನೊಂದು ಕಥೆ 1557ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಯಿತು. ಸೆರೆಂದಿಪ್ ಎಂದರೆ ಈಗಿನ ಶ್ರೀಲಂಕಾ. ಅಲ್ಲಿನ ಮೂವರು ರಾಜಕುಮಾರರು ದಾರಿಯ ಗುರುತುಗಳನ್ನಷ್ಟೇ ನೋಡಿ, ಕಳೆದುಹೋದ ಒಂಟೆ ಒಕ್ಕಣ್ಣಿನದು, ಕುಂಟು, ಒಂದು ಕಡೆ ಬೆಣ್ಣೆ ಇನ್ನೊಂದು ಕಡೆ ಜೇನು ಹೊತ್ತಿತ್ತು ಎಂದು ಹೇಳಿಬಿಡುತ್ತಾರೆ. ದಾರಿಯ ಒಂದೇ ಮಗ್ಗುಲಿನ ಹುಲ್ಲು ಮೇಯ್ದಿತ್ತು. ಒಂದು ಕಡೆ ಇರುವೆ, ಇನ್ನೊಂದು ಕಡೆ ನೊಣ ಮುತ್ತಿದ್ದವು. ಪಾಪ, ಇಷ್ಟು ಬಲ್ಲವರೇ ಕಳ್ಳರಿರಬೇಕೆಂದು ಅವರನ್ನು ಹಿಡಿದು ಸೆರೆಗೆ ಹಾಕುತ್ತಾರೆ! ತಮಿಳಿನ ಅಲಕೇಶ ಕಥೆಯಲ್ಲೂ ಇಂಥದೇ ಒಂಟೆಯಿದೆ. ಫ್ರಾನ್ಸಿನ ವೋಲ್ಟೇರ್ 1747ರಲ್ಲಿ 'ಜಾದಿಗ್' ಬರೆದಾಗ ಒಂಟೆಯ ಬದಲು ರಾಣಿಯ ನಾಯಿಯನ್ನೂ ರಾಜನ ಕುದುರೆಯನ್ನೂ ತಂದ. 1880ರಲ್ಲಿ ವಿಜ್ಞಾನಿ ಹಕ್ಸ್‌ಲಿ ಈ ಜಾದಿಗನ ವಿಧಾನದ ಮೇಲೆಯೇ ಒಂದು ಉಪನ್ಯಾಸ ಕೊಟ್ಟು, ಭೂಗರ್ಭಶಾಸ್ತ್ರಜ್ಞನೂ ಚರಿತ್ರಕಾರನೂ ಮಾಡುವ ಕೆಲಸ ಇದೇ ಎಂದು ತೋರಿಸಿದ. ಕಂಡ ಗುರುತಿನಿಂದ ಕಾಣದ ನಿನ್ನೆಯನ್ನು ಊಹಿಸುವುದು.

ಇಂಗ್ಲೆಂಡಿನಲ್ಲಿ ಷರ್ಲಾಕ್ ಹೋಮ್ಸ್ 1887ರಲ್ಲಿ ಹುಟ್ಟಿದ. ಅವನು ಮೇಧಾವಿ, ಪತ್ತೆಯೇ ಅವನ ವೃತ್ತಿ. ನಮಗೆ ಬೇಕಾದವರು ಅವನ ನಂತರ ಬಂದರು. ಚೆಸ್ಟರ್‌ಟನ್ 1910ರಲ್ಲಿ ಸೃಷ್ಟಿಸಿದ ಫಾದರ್ ಬ್ರೌನ್ ದುಂಡು ಮುಖದ ಕುಳ್ಳ ಪಾದ್ರಿ. ಕೈಯಲ್ಲಿದ್ದ ಕೊಡೆ ನಿಮಿಷಕ್ಕೊಮ್ಮೆ ಕೆಳಗೆ ಬೀಳುತ್ತದೆ. ಮೊದಲ ಕಥೆಯಲ್ಲಿ ಆತ ಮಹಾಕಳ್ಳನೊಬ್ಬನ ಜೊತೆ ನಡೆದುಹೋಗುತ್ತ ಹೋಟೆಲಿನ ಸಕ್ಕರೆ ಬಟ್ಟಲಿಗೆ ಉಪ್ಪು ತುಂಬುತ್ತಾನೆ, ಗೋಡೆಗೆ ಸಾರು ಎರಚುತ್ತಾನೆ, ಅಂಗಡಿಯ ಹಣ್ಣುಗಳ ಬೆಲೆಚೀಟಿ ಅದಲುಬದಲು ಮಾಡುತ್ತಾನೆ. ಹುಚ್ಚಾಟವೆಂದು ನಾವು ನಗುತ್ತಿರುವಾಗಲೇ ಪೊಲೀಸರು ಈ ಜಾಡು ಹಿಡಿದು ಬಂದು ಕಳ್ಳನ ಬೆನ್ನ ಹಿಂದೆ ನಿಂತಿರುತ್ತಾರೆ. ಇಲ್ಲಿ ನಗೆಯೇ ಸುಳಿವು. ಇದಕ್ಕಿಂತ ಅಂದವಾಗಿ ಹಾಸ್ಯವನ್ನೂ ಪತ್ತೆಯನ್ನೂ ಹೆಣೆದ ಸಣ್ಣಕಥೆಯನ್ನು ನಾನಂತೂ ಓದಿಲ್ಲ.

1927ರಲ್ಲಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಬಂದಳು. ಹಳ್ಳಿ ಬಿಟ್ಟು ಹೆಚ್ಚು ಹೊರಗೆ ಹೋಗದ, ಸದಾ ಹೆಣಿಗೆ ಹಾಕುತ್ತ ಕೂರುವ ಅಜ್ಜಿ. ಮಂಗಳವಾರ ಸಂಜೆ ಎಲ್ಲರೂ ಸೇರಿ ಒಬ್ಬೊಬ್ಬರು ಒಂದೊಂದು ಒಗಟು ಹೇಳುತ್ತಾರೆ; ವಕೀಲರು, ಪೊಲೀಸ್ ಅಧಿಕಾರಿಗಳು ತಿಣುಕಾಡುತ್ತಿರುವಾಗ ಅಜ್ಜಿ ತನ್ನ ಊರಿನ ಯಾವುದೋ ಸಣ್ಣ ಸಂಗತಿ ನೆನಪಿಸಿಕೊಂಡು ಉತ್ತರ ಹೇಳುತ್ತಾಳೆ. ಮನುಷ್ಯ ಸ್ವಭಾವ ಎಲ್ಲ ಕಡೆ ಒಂದೇ ಎಂಬುದು ಅವಳ ಲೆಕ್ಕ. ನಮ್ಮ ಜಗಲಿಗಳ ಮೇಲೂ ಇಂಥ ಅಜ್ಜಿಯರಿಗೆ ಬರವಿರಲಿಲ್ಲ, ಅವರನ್ನು ಕಥೆಗೆ ಎಳೆದು ತಂದವರು ಕಡಿಮೆ.

ಹಾಗಾದರೆ ಕನ್ನಡದಲ್ಲಿ? ಇಲ್ಲಿ ಎನ್. ನರಸಿಂಹಯ್ಯನವರ (1925–2011) ಹೆಸರನ್ನು ಮೊದಲು ಹೇಳಬೇಕು. ಹೆಚ್ಚು ಶಾಲೆ ಕಲಿಯದ ಈ ಲೇಖಕರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ 1950ರ ದಶಕದಿಂದ ಮನೆಮಾತಾದ. ಅಗ್ಗದ ಕಾಗದದ ಆ ಪುಟ್ಟ ಪುಸ್ತಕಗಳು ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಕೈಯಿಂದ ಕೈಗೆ ದಾಟಿ, ರಟ್ಟು ಹರಿದು, ಕೊನೆಯ ಪುಟವೇ ಕಾಣೆಯಾಗಿ, ಕೊಲೆಗಾರ ಯಾರೆಂದು ತಿಳಿಯದೆ ಓದುಗರು ಒದ್ದಾಡಿದ್ದೂ ಉಂಟು. ಈ ಕಾದಂಬರಿಗಳಿಂದಲೇ ಕನ್ನಡ ಓದುವ ಚಟ ಹತ್ತಿತೆಂದು ಹೇಳುವವರು ಅನೇಕರು. ವಿಮರ್ಶಕರು ಮಾತ್ರ ಬಹುಕಾಲ ಇತ್ತ ತಿರುಗಿ ನೋಡಲಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಲಕ್ಷಾಂತರ ಜನರ ಕೈಗೆ ಪುಸ್ತಕ ಕೊಟ್ಟವನಿಗೆ ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲಾದರೂ ಸಲ್ಲಬೇಕು.

ಆದರೆ ಪುರುಷೋತ್ತಮ ವೃತ್ತಿಯ ಪತ್ತೇದಾರ, ಗಂಭೀರ ಮನುಷ್ಯ. ನಗೆ ಬೇರೆ ಓಣಿಯಲ್ಲಿ ಬೆಳೆಯುತ್ತಿತ್ತು. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ 'ಕೊರವಂಜಿ' ಮಾಸಪತ್ರಿಕೆ 1967ರವರೆಗೆ ನಾಡನ್ನು ನಗಿಸಿತು. ಪತ್ತೇದಾರಿ ಒಂದು ಕಡೆ, ಹಾಸ್ಯ ಇನ್ನೊಂದು ಕಡೆ. ಇವೆರಡೂ ಕೈಹಿಡಿದದ್ದು ಅಪರೂಪ.

ಕೈಹಿಡಿಸಿದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಅವರ 'ಕೃಷ್ಣೇಗೌಡನ ಆನೆ' ಎಂಬ ದೀರ್ಘ ಕಥೆಯನ್ನು ನೀವು ಓದಿರದಿದ್ದರೆ ಈ ರಜೆಯಲ್ಲಿ ಓದಿ. ಊರಿನ ಪ್ರತಿಯೊಂದು ಇಲಾಖೆಯೂ ತನ್ನ ಎಡವಟ್ಟನ್ನೆಲ್ಲ ಒಂದು ಆನೆಯ ಮೇಲೆ ಹೊರಿಸುತ್ತದೆ. ನಿರೂಪಕ ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗಿ ವಿಚಾರಿಸುತ್ತಾನೆ. ವಿಚಾರಿಸಿದಷ್ಟೂ ನಿಜ ದೂರ ಸರಿಯುತ್ತದೆ. ನಕ್ಕು ನಕ್ಕು ಸಾಕಾದ ಮೇಲೆ ಹೆದರಿಕೆಯಾಗುತ್ತದೆ. 1985ರ 'ಚಿದಂಬರ ರಹಸ್ಯ' ಕಾದಂಬರಿಯಲ್ಲಿ ಏಲಕ್ಕಿ ಬೆಳೆ ಯಾಕೆ ಕುಸಿಯುತ್ತಿದೆ ಎಂದು ತನಿಖೆಗೆ ಬರುವ ಅಧಿಕಾರಿಯೂ ಕೆಸರೂರೆಂಬ ಊರಿನ ಗೋಜಲಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲಿಷ್ ಕಥೆಯಲ್ಲಿ ರಹಸ್ಯ ಬಿಡಿಸಿದ ಮೇಲೆ ಊರು ಮತ್ತೆ ನೆಮ್ಮದಿಯಿಂದ ಚಹಾ ಕುಡಿಯುತ್ತದೆ; ತೇಜಸ್ವಿಯವರಲ್ಲಿ ಆ ನೆಮ್ಮದಿಗೇ ಪ್ರವೇಶವಿಲ್ಲ. ನಮ್ಮ ಊರುಗಳನ್ನು ಬಲ್ಲವರಿಗೆ ಅದರ ಕಾರಣ ಗೊತ್ತು.

ಕಿರುತೆರೆಯನ್ನೂ ಮರೆಯುವಂತಿಲ್ಲ. ದೂರದರ್ಶನದಲ್ಲಿ 1985ರಲ್ಲಿ ಬಂದ 'ಕರಮ್‌ಚಂದ್' ಕ್ಯಾರೆಟ್ ಕಡಿಯುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದ. 1993ರಲ್ಲಿ ಬಸು ಚಟರ್ಜಿಯವರ ನಿರ್ದೇಶನದಲ್ಲಿ ಬಂದ ಬ್ಯೋಮಕೇಶ್ ಬಕ್ಷಿ ತನ್ನನ್ನು ಪತ್ತೇದಾರನೆನ್ನದೆ ಸತ್ಯಾನ್ವೇಷಿ ಎಂದು ಕರೆದುಕೊಂಡ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಗೆ ಇಂಥ ಕಥೆಗಳಿಗೆ ಬೇಕಾದ ಸಾಮಗ್ರಿಯೆಲ್ಲ ಇದೆ. ಸಂತೆ ಇದೆ, ಕಡಲೆಕಾಯಿ ಮಂಡಿ ಇದೆ, ಎಲ್ಲರಿಗೂ ಎಲ್ಲರ ಸುದ್ದಿ ಗೊತ್ತಿರುವ ಬಸ್ ನಿಲ್ದಾಣವಿದೆ. ಪಾವಗಡವನ್ನು ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಅಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ವ್ಯಾಪಾರ ಕನ್ನಡದಲ್ಲಿ ಮಾಡಿದವನು ನೋಟು ಎಣಿಸುವಾಗ ಯಾವ ಭಾಷೆಗೆ ಜಾರುತ್ತಾನೆ? ಬುದ್ಧಿವಂತ ಕಥೆಗಾರನಿಗೆ ಅದೊಂದೇ ಸುಳಿವು ಸಾಕು.

ಕಥೆ ಬರೆಯಲು ಒಲ್ಲದವರಿಗೆ ಒಂದು ನಿಜವಾದ ಒಗಟು ಕೊಡುತ್ತೇನೆ. ಬೆಟ್ಟದಲ್ಲಿ ಜೇನು ಹೇರಳವಾಗಿದ್ದುದರಿಂದ ಮಧುಗಿರಿ ಎಂಬ ಹೆಸರು ಬಂತೆಂದು ಎಲ್ಲರೂ ಹೇಳುತ್ತಾರೆ, ಕೇಳಲು ಸಿಹಿಯಾಗಿಯೇ ಇದೆ. ಆದರೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನ 1897ರ ಪರಿಷ್ಕೃತ ಆವೃತ್ತಿಯನ್ನು ತೆರೆದರೆ ಕಾಣುವ ಹೆಸರು ಮದ್ದಗಿರಿ. ಮಧು ಇದ್ದದ್ದು ಜನರ ಬಾಯಲ್ಲಿ ಮದ್ದವಾಯಿತೇ? ಅಥವಾ ಮದ್ದವೇ ಮೊದಲಿದ್ದು, ಜೇನಿನ ಕಥೆ ಆಮೇಲೆ ಅಂಟಿಕೊಂಡಿತೇ? ತುಮಕೂರು ಜಿಲ್ಲೆಯ ಶಾಸನಗಳನ್ನು ಅದೇ ರೈಸ್ 1904ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12ನೆಯ ಸಂಪುಟವಾಗಿ ತಾಲ್ಲೂಕುವಾರು ಅಚ್ಚು ಹಾಕಿಸಿದ್ದಾರೆ. ಕಾಲೇಜಿನ ಗ್ರಂಥಾಲಯದಲ್ಲಿ ಸಿಗದಿದ್ದರೆ ಜಿಲ್ಲಾ ಗ್ರಂಥಾಲಯದಲ್ಲಿ ವಿಚಾರಿಸಿ. ಕಲ್ಲಿನ ಮೇಲೆ ಊರಿನ ಹೆಸರು ಎಲ್ಲೆಲ್ಲಿ ಬಂದಿದೆ, ಯಾವ ಅಕ್ಷರದಲ್ಲಿ ಬಂದಿದೆ, ಆ ಕಲ್ಲಿನ ಕಾಲ ಯಾವುದು ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಜೊತೆಗೆ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಹೋಮ್ಸನಿಗೂ ಒಬ್ಬ ವಾಟ್ಸನ್ ಬೇಕಿತ್ತು.