ಮುರಕಲ್ಲಿನ ಗುಡ್ಡಕ್ಕೆ ಸೈಕಲ್ ಹಾದಿ

ಮಂಗಳೂರು ಸಪಾಟು ಊರಲ್ಲ. ಕದ್ರಿ, ಬಿಜೈ, ಪದವಿನಂಗಡಿ, ಯಾವ ಕಡೆ ಪೆಡಲ್ ತುಳಿದರೂ ಒಂದು ಏರು, ಅದರ ಬೆನ್ನಿಗೇ ಒಂದು ಇಳಿಜಾರು. ನಗರದ ಅಂಚು ದಾಟಿದರೆ ವಾಮಂಜೂರು, ಕುಪ್ಪೆಪದವು, ಕೊಣಾಜೆ, ಮುಡಿಪು ಕಡೆಯ ಮುರಕಲ್ಲಿನ ಗುಡ್ಡಗಳು. ಅವುಗಳ ಮೇಲೆ ಅಕೇಶಿಯಾ ನೆಡುತೋಪು, ಗೇರು ಮರ, ನಡುವೆ ಜನ ನಡೆದು ನಡೆದು ಸವೆಸಿದ ಕಾಲುದಾರಿ. ಮೌಂಟನ್ ಬೈಕಿಂಗಿಗೆ ಬೇಕಾದ ನೆಲವೆಲ್ಲ ಇಲ್ಲಿದೆ. ಆದರೆ ಆ ಆಟ ಬೇರೂರಿದ ಕಡೆಗಳಲ್ಲೆಲ್ಲ ನೆಲದಷ್ಟೇ ಮುಖ್ಯವಾದದ್ದು ಕಾಡಿನ ಒಡೆತನ ಇದ್ದವರ ಒಪ್ಪಿಗೆ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತ 1976ರ ಅಕ್ಟೋಬರಿನಲ್ಲಿ ‘ರಿಪ್ಯಾಕ್’ ರೇಸ್ ಶುರುಮಾಡಿದರು. ಒಂದೇ ಇಳಿತಕ್ಕೆ ಹಿಂಚಕ್ರದ ಬ್ರೇಕಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಜೋ ಬ್ರೀಜ್, ಗ್ಯಾರಿ ಫಿಶರ್ ಮುಂತಾದವರು ಇಂಥ ಹಾದಿಗೆಂದೇ ಸೈಕಲ್ ಕಟ್ಟಿದರು. 1981ರಲ್ಲಿ ‘ಸ್ಟಂಪ್‌ಜಂಪರ್’ ಎಂಬ ಮೌಂಟನ್ ಬೈಕ್ ಕಾರ್ಖಾನೆಯಲ್ಲೇ ತಯಾರಾಗಿ ಅಂಗಡಿಗೆ ಬಂತು. 1996ರ ಅಟ್ಲಾಂಟಾದಲ್ಲಿ ಆಟ ಒಲಿಂಪಿಕ್ಸ್ ಸೇರಿತು. ಈ ನಡುವೆ ಚಾರಣಿಗರ ದೂರುಗಳಿಂದ ಹಲವು ಉದ್ಯಾನಗಳು ಸೈಕಲ್ಲಿಗೆ ಬಾಗಿಲು ಹಾಕಿದ್ದವು. ಆಗ ಸವಾರರು 1988ರಲ್ಲಿ ಸಂಘಟಿತರಾಗಿ, ಹಾದಿಯನ್ನು ತಾವೇ ಕಟ್ಟಿ ತಾವೇ ರಿಪೇರಿ ಮಾಡುವ ಹೊಣೆ ಹೊತ್ತರು.

ಮಂಗಳೂರಿಗೆ ಅಮೆರಿಕಕ್ಕಿಂತ ಹತ್ತಿರದ ಪಾಠ ವೇಲ್ಸಿನ ಕೋಯ್ಡ್ ಇ ಬ್ರೆನಿನ್ ಅರಣ್ಯದ್ದು. ಅದು ಸರ್ಕಾರಿ ಕಾಡು, ಮಳೆಯೂ ಜೋರು. ಬರೀ ಮಣ್ಣಿನ ಹಾದಿ ಅಲ್ಲಿ ಚಳಿಗಾಲಕ್ಕೇ ಕೆಸರಾಗುತ್ತಿತ್ತು. 1990ರ ದಶಕದಲ್ಲಿ ಅಲ್ಲಿನ ಅರಣ್ಯ ಸಿಬ್ಬಂದಿ ಸ್ಥಳೀಯ ಕಲ್ಲನ್ನೇ ಹಾಸಿ, ನೀರು ಪಕ್ಕಕ್ಕೆ ಸರಿಯುವಂತೆ ಓರೆ ಕೊಟ್ಟು, ವರ್ಷವಿಡೀ ಓಡಿಸಬಹುದಾದ ಹಾದಿ ಮಾಡಿದರು. ಬ್ರಿಟನ್ನಿನಲ್ಲಿ ಸೈಕಲ್ಲಿಗೆಂದೇ ರೂಪಿಸಿದ ಮೊದಲ ಅರಣ್ಯ ಕೇಂದ್ರಗಳಲ್ಲಿ ಅದೊಂದು. ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟದ ಮಟ್ಟ ತೋರಿಸುವ ಬಣ್ಣದ ಗುರುತುಗಳು ಇಂಥ ಕೇಂದ್ರಗಳಿಂದ ಜನಕ್ಕೆ ಪರಿಚಯವಾದವು. ಹೊಸಬರಿಗೆ ‘ಸ್ಕಿಲ್ಸ್ ಏರಿಯಾ’ ಬಂತು: ಉಬ್ಬುತಗ್ಗಿನ ಪಂಪ್ ಟ್ರ್ಯಾಕ್, ವಾಲಿಸಿ ಕಟ್ಟಿದ ತಿರುವು, ಮೊಣಕಾಲೆತ್ತರದ ಜಿಗಿತ. ಬಿದ್ದರೂ ಮೊಣಕೈ ತರಚೀತು, ಅಷ್ಟೆ.

ನಮ್ಮಲ್ಲಿ 1990ರ ದಶಕದ ಹುಡುಗರಿಗೆ ಹೀರೋ ರೇಂಜರ್ ಒಂದು ಕನಸು. ಗೇರಿಲ್ಲದಿದ್ದರೂ ಹ್ಯಾಂಡಲ್ ನೆಟ್ಟಗೆ, ಟೈರು ದಪ್ಪ. ಗುಡ್ಡ ಹತ್ತಿಸಬಲ್ಲ ಗೇರಿನ ಸೈಕಲ್ಲುಗಳು ಸುಲಭವಾಗಿ ಸಿಗತೊಡಗಿದ್ದು 2005ರ ಆಚೆಗೆ. ಅದೇ ವರ್ಷ ಹಿಮಾಚಲದಲ್ಲಿ ‘ಎಂಟಿಬಿ ಹಿಮಾಲಯ’ ಎಂಬ ಮೌಂಟನ್ ಬೈಕ್ ಸ್ಪರ್ಧೆ ಆರಂಭವಾಯಿತು. ಕರ್ನಾಟಕದಲ್ಲಿ ಆಟದ ತೊಟ್ಟಿಲು ಬೆಂಗಳೂರಿನ ಕನಕಪುರ ರಸ್ತೆ ಬದಿಯ ತುರಹಳ್ಳಿ ಕಾಡು. ಬಂಡೆ, ಕುರುಚಲು, ಕಡಿದಾದ ಇಳಿಜಾರು ಎಲ್ಲವೂ ಇದ್ದ ಅದು ಎಷ್ಟೋ ಸವಾರರಿಗೆ ಪಾಠಶಾಲೆಯಾಯಿತು. ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ಸುತ್ತಲಿನ ನಿವಾಸಿಗಳು, ಪರಿಸರಾಸಕ್ತರು ತೀವ್ರವಾಗಿ ವಿರೋಧಿಸಿದ್ದರಿಂದ 2021ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಕಾಡು ಕಾಡಾಗಿ ಉಳಿಯಿತು. ಆದರೆ ಕಾಡಿನಲ್ಲಿ ಸೈಕಲ್ಲಿನ ಸ್ಥಾನವೇನು ಎಂಬ ಪ್ರಶ್ನೆಯನ್ನು ಆ ಹೋರಾಟ ಬಗೆಹರಿಸಲಿಲ್ಲ. ಅದಕ್ಕೆ ಉತ್ತರ ಸಿಗತೊಡಗಿದ್ದು ಯಲಹಂಕದಾಚೆಯ ಆವಲಹಳ್ಳಿ ಅರಣ್ಯದಲ್ಲಿ. ಅಲ್ಲಿ ಅರಣ್ಯ ಇಲಾಖೆಯೇ ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಪ್ರವೇಶ ಕೊಟ್ಟಿದೆ.

ಸ್ಪರ್ಧೆಗಳೂ ದಕ್ಷಿಣಕ್ಕಿಳಿದವು. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲಿ ನಡೆಯಿತು. ವಿಜಯಪುರ, ಬಾಗಲಕೋಟೆಗಳ ಸೈಕಲ್ ಪರಂಪರೆ ಬಲ್ಲವರಿಗೆ ಉತ್ತರ ಕರ್ನಾಟಕದ ಆಯ್ಕೆ ಅಚ್ಚರಿ ತಂದಿರಲಾರದು. 2023ರ ಅಕ್ಟೋಬರಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕೇರಳದ ಪೊನ್ಮುಡಿಗೆ ಬಂತು. ರೇಸಿನ ಟ್ರ್ಯಾಕ್ ಇದ್ದದ್ದು ಚಹಾ ತೋಟದಲ್ಲಿ, ದಟ್ಟ ಕಾಡಿನಲ್ಲಲ್ಲ. ವಯನಾಡಿನ ಮಾನಂದವಾಡಿಯಲ್ಲೂ ‘ಎಂಟಿಬಿ ಕೇರಳ’ ನಡೆದದ್ದು ಪ್ರಿಯದರ್ಶಿನಿ ಚಹಾ ತೋಟದಲ್ಲೇ.

ದಕ್ಷಿಣ ಕನ್ನಡ ಗಮನಿಸಬೇಕಾದದ್ದು ಇದನ್ನೇ. ಇಲ್ಲಿ ಸಾಹಸ ಎಂದೊಡನೆ ಮನಸ್ಸು ಘಟ್ಟದತ್ತ ಓಡುತ್ತದೆ: ಚಾರ್ಮಾಡಿ, ಕುದುರೆಮುಖ, ಕುಮಾರ ಪರ್ವತ. ಆದರೆ ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನಜಂಗುಳಿಯಾದ ಮೇಲೆ ಚಾರಣಕ್ಕೇ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶ ಅಪರಾಧ. ಆನೆ ಓಡಾಡುವ ಜಾಗಕ್ಕೆ ಸದ್ದಿಲ್ಲದೆ ವೇಗವಾಗಿ ಇಳಿಯುವ ಸೈಕಲ್ ಬೇಡವೇ ಬೇಡ.

ಊರ ಹತ್ತಿರದ ಗುಡ್ಡಗಳ ವಿಚಾರ ಬೇರೆ. ಗೇರು ಅಭಿವೃದ್ಧಿ ನಿಗಮ 1978ರಲ್ಲಿ ಶುರುವಾದದ್ದು. ಕೇಂದ್ರ ಕಚೇರಿ ಮಂಗಳೂರಲ್ಲೇ. ಅರಣ್ಯ ಭೂಮಿಯ ಮೇಲೆ ಸಾವಿರಾರು ಹೆಕ್ಟೇರ್ ಗೇರು ತೋಟ ಅದರ ಕೈಯಲ್ಲಿದೆ. ಅಲ್ಲಿ ಹೊಸದಾಗಿ ಮರ ಕಡಿಯದೆ, ಇರುವ ಜಾಡುಗಳನ್ನೇ ತಿದ್ದಿ ಹಾದಿ ಮಾಡಬಹುದು. ಫಸಲು ಬರುವುದು ಸುಮಾರು ಫೆಬ್ರುವರಿಯಿಂದ ಮೇ ವರೆಗೆ. ಆಗ ಬೀಜ ಹೆಕ್ಕುವವರಿಗೆ ತೋಟ ಬಿಟ್ಟುಕೊಟ್ಟರೂ ಅಕ್ಟೋಬರಿನಿಂದ ಜನವರಿವರೆಗಿನ ಒಳ್ಳೆಯ ಹವೆ ಸವಾರರಿಗೆ ಉಳಿಯುತ್ತದೆ. ಸ್ಕಿಲ್ಸ್ ಏರಿಯಾಕ್ಕಂತೂ ದೊಡ್ಡ ಕಾಡೇ ಬೇಕಿಲ್ಲ. ಮಕ್ಕಳು ಹೇಗೂ ಬರುವ ಪಿಲಿಕುಳ ನಿಸರ್ಗಧಾಮದ ಒಂದು ಮೂಲೆ ಸಾಕು.

ಕಟ್ಟುವಾಗ ಲೆಕ್ಕ ಹಾಕಬೇಕಾದ್ದು ಮಳೆಯನ್ನು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಊರಿದು. ಆಟಿ ತಿಂಗಳಲ್ಲಿ ಮುರಕಲ್ಲಿನ ಮೈಮೇಲೆ ಪಾಚಿ ಕಟ್ಟಿ, ಮುಂಚಕ್ರದ ಬ್ರೇಕ್ ಸ್ವಲ್ಪ ಗಟ್ಟಿಯಾಗಿ ಹಿಡಿದರೂ ಸೈಕಲ್ ಅಡ್ಡ ಜಾರುತ್ತದೆ. ಬೇಸಿಗೆಯಲ್ಲಿ ಅದೇ ಕಲ್ಲು ಪುಡಿಯಾಗಿ, ಟೈರಿನಡಿ ರಾಗಿ ಚೆಲ್ಲಿದಂತೆ ಹರಳು ಉರುಳುತ್ತವೆ. ಹಾದಿ ಕಟ್ಟುವವರ ಒಂದು ಸೂತ್ರದಂತೆ ಹಾದಿಯ ಏರು ಗುಡ್ಡದ ಓರೆಯ ಅರ್ಧವನ್ನು ಮೀರಬಾರದು, ಒಟ್ಟಾರೆ ಸರಾಸರಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿರಬೇಕು. ನಡುನಡುವೆ ಹಾದಿ ಒಂದಿಷ್ಟು ಮೇಲೆದ್ದು ಇಳಿದರೆ ನೀರು ಅಲ್ಲೇ ಹೊರಗೆ ಹೋಗುತ್ತದೆ. ಗುಡ್ಡದ ನೆತ್ತಿಯಿಂದ ನೇರ ಕೆಳಕ್ಕೆ ಬಿದ್ದ ಕಾಲುದಾರಿಗಳು ಈ ಲೆಕ್ಕದಲ್ಲಿ ನಪಾಸು. ಒಂದೆರಡು ಮಳೆಗಾಲದಲ್ಲಿ ಅವು ತೋಡಾಗುತ್ತವೆ, ಕೆಮ್ಮಣ್ಣು ಕೆಳಗಿನ ಗದ್ದೆಗೆ ಇಳಿಯುತ್ತದೆ. ವೇಲ್ಸಿನವರು ಹಾಸಿದಂತೆ ಇಲ್ಲಿ ಹಾಸಲು ಕಲ್ಲಿಗೆ ಬರವಿಲ್ಲ. ಕೋರೆಗಳ ಬದಿಯಲ್ಲಿ ಮುರಕಲ್ಲಿನ ಒಡೆದ ತುಂಡುಗಳು ಬಿದ್ದಿರುತ್ತವೆ. ಮೊದಲ ಹಾದಿಗೆ ಬೇಕಾದ್ದು ಅರಣ್ಯ ಇಲಾಖೆಯ ಒಂದು ಲಿಖಿತ ಒಪ್ಪಿಗೆ, ಎರಡು ಮೂರು ಕಿಲೋಮೀಟರ್ ಗುಡ್ಡ, ಮತ್ತು ಮಳೆ ನಿಂತೊಡನೆ ಹಾರೆ ಹಿಡಿದು ಬರಲು ಸಿದ್ಧರಿರುವ ಸವಾರರು.